ಹೊಂದಿಕೊಳ್ಳುವುದಲ್ಲ, ಹೊಂದಿಸುವುದು

ಕನ್ನಡಿಗರ ಬಾಯಲ್ಲಿ ಅತಿ ಹೆಚ್ಚು ಓಡಾಡುವ ಇಂಗ್ಲಿಷ್ ಶಬ್ದ ಯಾವುದು ಎಂದು ಯಾರಾದರೂ ನನ್ನನ್ನು ಕೇಳಿದರೆ, 'ಥ್ಯಾಂಕ್ಸ್' ಅಲ್ಲ, 'ಸಾರಿ'ಯಂತೂ ಅಲ್ಲವೇ ಅಲ್ಲ, 'ಅಡ್ಜಸ್ಟ್' ಎಂದು ಹೇಳುತ್ತೇನೆ. ಮೂವರ ಸೀಟಿಗೆ ನಾಲ್ಕನೆಯವಳು ಬಂದು "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಎಂದರೆ ನನ್ನದೇನೂ ತಕರಾರಿಲ್ಲ. ಮಗು ಎತ್ತಿಕೊಂಡು ನಿಂತವಳಿಗೆ ಜಾಗ ಕೊಡದವರು ಮನುಷ್ಯರೇ ಅಲ್ಲ. ಆದರೆ ಅದೇ ಶಬ್ದ ಬಸ್ಸಿನಿಂದ ಇಳಿದು ನಮ್ಮ ಮನೆಯೊಳಗೆ ಬರುತ್ತದಲ್ಲ, ಆಗ ಅದು ಹೆಂಗಸರನ್ನೇ ಹುಡುಕಿಕೊಂಡು ಬರುತ್ತದೆ. ಗಂಡನ ಸಿಟ್ಟಿಗೆ ಅಡ್ಜಸ್ಟ್, ಅತ್ತೆಯ ಮಡಿಗೆ ಅಡ್ಜಸ್ಟ್, ವರ್ಗಾವಣೆಗೆ ಅಡ್ಜಸ್ಟ್, ಸೋರುವ ಗ್ಯಾಸಿನ ಒಲೆಗೂ ಅಡ್ಜಸ್ಟ್!

ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಟ್ಟವಳು ನಾನು. ನಮ್ಮ ಭಾಷೆಯಲ್ಲಿ ಈ ಒಂದು ಇಂಗ್ಲಿಷ್ ಶಬ್ದಕ್ಕೆ ಎರಡು ಮಾತುಗಳಿವೆ. 'ಹೊಂದಿಸುವುದು' ಒಂದು, 'ಹೊಂದಿಕೊಳ್ಳುವುದು' ಇನ್ನೊಂದು. ಹೊಂದಿಸುವವನು ಕೆಲಸ ಮಾಡುತ್ತಾನೆ, ಸಾಮಾನನ್ನು ಸರಿಪಡಿಸುತ್ತಾನೆ. ಹೊಂದಿಕೊಳ್ಳುವವಳು ಸಾಮಾನನ್ನು ಇದ್ದ ಹಾಗೆಯೇ ಬಿಟ್ಟು ತನ್ನನ್ನು ತಾನು ಬಗ್ಗಿಸಿಕೊಳ್ಳುತ್ತಾಳೆ. ಆ ಪುಟ್ಟ 'ಕೊಳ್ಳು' ಸೇರಿದ ಕೂಡಲೇ ಭಾರವೆಲ್ಲ ನಮ್ಮ ತಲೆಯ ಮೇಲೆ ಬಂದು ಕೂರುತ್ತದೆ. ನಾವು ಹೆಂಗಸರು ಮೊದಲನೆಯದನ್ನು ಗಂಡಸರಿಗೆ ಬಿಟ್ಟುಕೊಟ್ಟು ಎರಡನೆಯದನ್ನು ಮಾತ್ರ ಕಲಿತೆವು. ಅಷ್ಟೇ ಅಲ್ಲ, ನಮ್ಮ ಹೆಣ್ಣುಮಕ್ಕಳಿಗೂ ಅದನ್ನೇ ಕಲಿಸುತ್ತಿದ್ದೇವೆ. ಇದು ತಪ್ಪು ಎಂದು ಹೇಳುವುದಕ್ಕೇ ಈ ಬರಹ. ಈ ತಪ್ಪು ನನಗೆ ಅರ್ಥವಾದದ್ದು ಯಾವ ವಿಚಾರ ಸಂಕಿರಣದಲ್ಲೂ ಅಲ್ಲ. ಅಮೆರಿಕದ ಒಂದು ಕಾರ್‌ಶೆಡ್ಡಿನಲ್ಲಿ, ನನ್ನ ಮಗಳು ಒಂದು ವಿಮಾನದ ಎಂಜಿನ್ನಿಗೆ ಕೇಬಲ್ ಜೋಡಿಸುವಾಗ.

ಅದಕ್ಕೆ ಮೊದಲು ಇನ್ನೊಂದು ಕೇಬಲ್ಲಿನ ಕಥೆ ಹೇಳಬೇಕು. 1998ರಲ್ಲಿ ನಾನು ಮಲೆನಾಡಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿದ್ದೆ. ಮನೆಯಿಂದ ಶಾಲೆಗೆ ಆರು ಕಿಲೋಮೀಟರು. ಒಂದು ಹಳೆಯ ಮೊಪೆಡ್ ಇತ್ತು. ಐದು ವರ್ಷದ ಮಗಳನ್ನು ಮುಂದೆ ನಿಲ್ಲಿಸಿಕೊಂಡು, ದಾರಿಯಲ್ಲಿ ಅವಳ ಶಾಲೆಗೆ ಬಿಟ್ಟು ಹೋಗುತ್ತಿದ್ದೆ. ಒಂದು ದಿನ ಮುಂದಿನ ಬ್ರೇಕಿನ ಕೇಬಲ್ಲು ಹಿಡಿಕೆಯ ಹತ್ತಿರ ಬಿಚ್ಚಿಕೊಳ್ಳುತ್ತಿರುವುದು ಕಾಣಿಸಿತು. ಒಳಗಿನ ತಂತಿ ಎಂದರೆ ಒಂದೇ ತಂತಿಯಲ್ಲ, ಜಡೆಯ ಹಾಗೆ ಹೆಣೆದ ಸಣ್ಣ ಸಣ್ಣ ಎಳೆಗಳು. ಅದರಲ್ಲಿ ಮೂರ್ನಾಲ್ಕು ಎಳೆ ತುಂಡಾಗಿ ಮುಳ್ಳಿನ ಹಾಗೆ ನಿಂತಿದ್ದವು. ರಿಪೇರಿ ಅಂಗಡಿಯವನು "ಇನ್ನೂ ಒಂದು ತಿಂಗಳು ಬರುತ್ತೆ ಮೇಡಂ, ಅಡ್ಜಸ್ಟ್ ಮಾಡ್ಕೊಳ್ಳಿ" ಎಂದ. ಮನೆಯಲ್ಲಿ ಯಜಮಾನರು "ಸಂಬಳ ಬಂದ ಮೇಲೆ ನೋಡೋಣ, ಅಲ್ಲೀತನಕ ಅಡ್ಜಸ್ಟ್ ಮಾಡ್ಕೋ" ಎಂದರು. ಬರಬೇಕಾಗಿದ್ದದ್ದು ನನ್ನ ಸಂಬಳವೇ! ಆದರೂ ನಾನು ಹೊಂದಿಕೊಂಡೆ. ಇಳಿಜಾರಿನಲ್ಲಿ ಕಾಲು ನೆಲಕ್ಕೆ ಉಜ್ಜಿಕೊಂಡು ಹೋಗುವುದನ್ನು ಅಭ್ಯಾಸ ಮಾಡಿದೆ. ಹನ್ನೊಂದನೆಯ ದಿನ, ಸೋನೆಮಳೆಯಲ್ಲಿ, ಕೆರೆ ಏರಿಯ ಇಳಿಜಾರಿನಲ್ಲಿ ಉಳಿದ ಎಳೆಗಳೂ ಒಟ್ಟಿಗೇ ಕೈಬಿಟ್ಟವು. ನನ್ನ ಮಣಿಕಟ್ಟು ಮುರಿಯಿತು. ಮಗಳ ಹಣೆಗೆ ಏಳು ಹೊಲಿಗೆ ಬಿದ್ದವು. ಆಸ್ಪತ್ರೆಗೆ ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: "ಹೆಂಗಸರಿಗೆ ಯಾಕಮ್ಮ ಗಾಡಿ?" ಕೇಬಲ್ಲನ್ನು ಯಾಕೆ ಬದಲಾಯಿಸಲಿಲ್ಲ ಎಂದು ಒಬ್ಬರೂ ಕೇಳಲಿಲ್ಲ.

ಆ ಹುಡುಗಿ ಬೆಳೆದು ಮೆಕ್ಯಾನಿಕಲ್ ಎಂಜಿನಿಯರ್ ಆದಳು. ಮದುವೆಯಾಗಿ ಗಂಡನ ಜೊತೆ ಅಮೆರಿಕದ ಒಹಾಯೋ ರಾಜ್ಯದ ಡೇಟನ್ ಎಂಬ ಊರಿಗೆ ಹೋದಳು. ಅಲ್ಲಿ ಇಬ್ಬರೂ ಸೇರಿ ಮನೆಯ ಕಾರ್‌ಶೆಡ್ಡಿನಲ್ಲಿ ಎರಡು ಸೀಟಿನ ಒಂದು ವಿಮಾನ ಕಟ್ಟಲು ಕೂತರು. ಈ ಸುದ್ದಿ ನಮ್ಮ ಕಡೆ ತಲುಪಿದಾಗ ಎದ್ದ ಗುಲ್ಲು ಅಷ್ಟಿಷ್ಟಲ್ಲ. "ವಿಮಾನ ಅಂದ್ರೇನು, ಹಪ್ಪಳ ಸಂಡಿಗೆಯೇ, ಮನೆಯಲ್ಲಿ ಮಾಡೋಕೆ?" ಎಂದು ನಮ್ಮ ಅತ್ತಿಗೆ ಮೂಗು ಮುರಿದರು. ನನಗೂ ಹಾಗೇ ಅನ್ನಿಸಿತ್ತು, ಸುಳ್ಳೇಕೆ ಹೇಳಲಿ?

ಆದರೆ ಅದು ಹುಡುಗಾಟವಲ್ಲ. ಆ ದೇಶದಲ್ಲಿ ಇದಕ್ಕೆ ಕಾನೂನೇ ಇದೆ. ಹೆಚ್ಚಿನ ಪಾಲು ಕೆಲಸವನ್ನು, ಅಂದರೆ ಅರ್ಧಕ್ಕಿಂತ ಮೇಲೆ, ಹವ್ಯಾಸಿಗಳೇ ತಮ್ಮ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಮಾಡಿರಬೇಕು. ಹಾಗೆ ಕಟ್ಟಿದ ವಿಮಾನವನ್ನು ಅಧಿಕಾರಿ ಬಂದು ನೋಡಿ, ದಾಖಲೆ ಪರೀಕ್ಷಿಸಿ, 'ಪ್ರಾಯೋಗಿಕ' ಎಂಬ ವರ್ಗದಲ್ಲಿ ಪ್ರಮಾಣಪತ್ರ ಕೊಡುತ್ತಾರೆ. ಆಮೇಲೂ ಸಾಮಾನ್ಯವಾಗಿ 25 ಅಥವಾ 40 ಗಂಟೆ, ಗೊತ್ತುಮಾಡಿದ ಪ್ರದೇಶದೊಳಗೇ ಹಾರಿಸಿ ಪರೀಕ್ಷೆ ಮಾಡಬೇಕು. ಅಲ್ಲಿಯತನಕ ಸುಮ್ಮನೆ ಸವಾರಿಗೆಂದು ಯಾರನ್ನೂ ಕೂರಿಸಿಕೊಳ್ಳುವಂತಿಲ್ಲ. ಹೀಗೆ ಕಟ್ಟುವವರದೇ ಒಂದು ಸಂಘವನ್ನು ಪಾಲ್ ಪೊಬೆರೆಜ್ನಿ ಎಂಬುವರು 1953ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಶುರುಮಾಡಿದರು. ಪ್ರತಿ ಬೇಸಿಗೆಯಲ್ಲಿ ಆಶ್‌ಕಾಶ್ ಎಂಬ ಊರಿನಲ್ಲಿ ಅವರ ಜಾತ್ರೆ ನಡೆಯುತ್ತದೆ.

2023ರ ಬೇಸಿಗೆಯಲ್ಲಿ ನಾನು ಮಗಳ ಮನೆಗೆ ಹೋದಾಗ ರೆಕ್ಕೆಗಳು ಮುಗಿದು ಗೋಡೆಗೆ ಒರಗಿದ್ದವು, ಎಂಜಿನ್ ಕೂರಿಸಿಯಾಗಿತ್ತು. ಅಳಿಯ ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ ವಾರ, ಮಗಳು "ಅಮ್ಮಾ, ಎಂಜಿನ್ ಕಂಟ್ರೋಲ್ ಕೇಬಲ್ ಜೋಡಿಸಬೇಕು, ಒಬ್ಬಳಿಂದ ಆಗಲ್ಲ. ಒಳಗೆ ಕೂತು ಗುಂಡಿ ಎಳೆಯೋಕೆ ಒಬ್ಬರು ಬೇಕು. ಬರ್ತೀಯಾ?" ಎಂದಳು. ಸೆರಗು ಸಿಕ್ಕಿಸಿಕೊಂಡು ಹೋದೆ.

ವಿಮಾನ ಎಂದರೆ ಏನೋ ಮಾಯಾಮಂತ್ರ ಎಂದುಕೊಂಡವಳಿಗೆ ಅಲ್ಲಿ ಕಂಡದ್ದು ನನ್ನ ಮೊಪೆಡ್ಡಿನ ಕೇಬಲ್ಲಿನ ಅಕ್ಕ! ಹೊರಗೆ ಕೊಳವೆಯ ಹಾಗಿನ ಕವಚ, ಒಳಗೆ ಉಕ್ಕಿನ ತಂತಿ. ಬ್ರೇಕಿನ ಕೇಬಲ್ಲು ಎಳೆಯುವುದಕ್ಕೆ ಮಾತ್ರ. ಇದು ಎಳೆಯಲೂ ಬೇಕು, ತಳ್ಳಲೂ ಬೇಕು, ಆದ್ದರಿಂದ ಇನ್ನಷ್ಟು ಗಟ್ಟಿ. ಪೈಲಟ್ಟಿನ ಮುಂದಿನ ಹಲಗೆಯಲ್ಲಿ ಮೂರು ಗುಂಡಿಗಳಿದ್ದವು. ಕಪ್ಪುಗುಂಡಿ ಥ್ರಾಟಲ್, ಅಂದರೆ ನಮ್ಮ ಗಾಡಿಯ ಆಕ್ಸಿಲರೇಟರ್. ಒಳಕ್ಕೆ ತಳ್ಳಿದರೆ ಶಕ್ತಿ ಹೆಚ್ಚುತ್ತದೆ. ನೀಲಿಗುಂಡಿ ಮುಂದಿನ ಪ್ರೊಪೆಲ್ಲರಿನದು. ಕೆಂಪುಗುಂಡಿ ಗಾಳಿಯ ಜೊತೆ ಎಷ್ಟು ಪೆಟ್ರೋಲು ಬೆರೆಯಬೇಕು ಎಂಬುದನ್ನು ಹೇಳುವಂಥದು. ಪೂರ್ತಿ ಹೊರಕ್ಕೆಳೆದರೆ ಪೆಟ್ರೋಲು ನಿಂತು ಎಂಜಿನ್ ಆರಿಹೋಗುತ್ತದೆ. ಬಣ್ಣಗಳು ಬೇರೆ ಬೇರೆ, ಗುಂಡಿಗಳ ಆಕಾರವೂ ಬೇರೆ ಬೇರೆ. ಗಾಬರಿಯಲ್ಲಿ ಕಣ್ಣು ತಪ್ಪಿದರೂ ಕೈಗೆ ಗೊತ್ತಾಗಲಿ ಎಂದು.

ಈ ಕೇಬಲ್ಲುಗಳು ಎಂಜಿನ್ನಿಗೂ ಪೈಲಟ್ಟಿಗೂ ನಡುವೆ ಇರುವ, ಬೆಂಕಿ ತಡೆಯುವ ತಗಡಿನ ಗೋಡೆಯನ್ನು ದಾಟಿ ಹೋಗುತ್ತವೆ. ಎಲ್ಲೂ ಮೊಂಡಾಗಿ ಬಾಗುವಂತಿಲ್ಲ, ದೊಡ್ಡ ಬಳೆಯ ಹಾಗೆ ನಿಧಾನವಾಗಿ ತಿರುಗಬೇಕು. ಸುಡುವ ಹೊಗೆಕೊಳವೆಯಿಂದ ದೂರ ಇರಬೇಕು. ಎಂಜಿನ್ ರಬ್ಬರಿನ ದಿಂಡುಗಳ ಮೇಲೆ ಕೂತು ಸದಾ ನಡುಗುತ್ತಿರುತ್ತದೆ. ಆದ್ದರಿಂದ ಕವಚದ ತುದಿಯನ್ನು ಗೋಡೆಗಲ್ಲ, ಎಂಜಿನ್ನಿಗೇ ಬಿಗಿಯಬೇಕು; ಆಗ ಎರಡೂ ಒಟ್ಟಿಗೆ ನಡುಗುತ್ತವೆ. ಗೋಡೆಗೆ ಬಿಗಿದರೆ ಎಂಜಿನ್ ಅಲುಗಿದಾಗಲೆಲ್ಲ ಯಾರೂ ಮುಟ್ಟದೆಯೇ ಥ್ರಾಟಲ್ ತಾನಾಗಿ ಹೆಚ್ಚುಕಡಿಮೆಯಾಗುತ್ತದೆ.

ಎಂಜಿನ್ನಿನ ಕೆಳಗೆ ಕಾರ್ಬ್ಯುರೇಟರ್ ಇದೆ. ಅದಕ್ಕೊಂದು ಪುಟ್ಟ ಲೋಹದ ಕೈ. ಆ ಕೈ ಆಚೆ ತುದಿಯಲ್ಲಿ ಒಂದು ತಡೆಗೆ, ಈಚೆ ತುದಿಯಲ್ಲಿ ಇನ್ನೊಂದು ತಡೆಗೆ ತಾಗಿ ನಿಲ್ಲಬೇಕು. ಒಂದು ಪೂರ್ಣ ಶಕ್ತಿ, ಇನ್ನೊಂದು ಬರೀ ಉಸಿರಾಡುವಷ್ಟು ಶಕ್ತಿ. ನಾನು ಒಳಗೆ ಕೂತು ಕಪ್ಪುಗುಂಡಿಯನ್ನು ಪೂರ್ತಿ ತಳ್ಳಿದೆ. ಮಗಳು ಟಾರ್ಚು ಬಿಟ್ಟು ನೋಡಿ "ತಾಗಲಿಲ್ಲ" ಎಂದಳು. ಇಳಿದು ಹೋಗಿ ನೋಡಿದೆ. ಕೈಗೂ ತಡೆಗೂ ನಡುವೆ ಎರಡು ಮಿಲಿಮೀಟರು ಜಾಗ, ಅಕ್ಕಿಕಾಳಿನ ದಪ್ಪ.

"ಇಷ್ಟಕ್ಕೆ ಏನಾಗುತ್ತೆ, ಅಡ್ಜಸ್ಟ್ ಮಾಡ್ಕೊಳ್ಳೇ" ಎಂದೆ.

ಮಗಳು ಸ್ಪ್ಯಾನರ್ ಕೆಳಗಿಟ್ಟಳು. "ಅಮ್ಮಾ, ಮೊಪೆಡ್ ಅಂಗಡಿಯವನು ನಿನಗೆ ಹೇಳಿದ್ದೂ ಇದನ್ನೇ. ಮೇಲೇಳುವಾಗ ಪೂರ್ತಿ ಶಕ್ತಿ ಬೇಕಾಗುತ್ತೆ. ಗುಂಡಿ ಪೂರ್ತಿ ಒಳಗೆ ಹೋಗಿದೆ, ಎಲ್ಲಾ ಸರಿಯಿದೆ ಅಂತ ನಾನು ನಂಬಿ ಕೂತಿರ್ತೀನಿ, ಅಲ್ಲಿ ಎಂಜಿನ್ನಿಗೆ ಪೂರ್ತಿ ತಲುಪಿರೋದೇ ಇಲ್ಲ. ಅಡ್ಜಸ್ಟ್ ಮಾಡ್ತೀನಿ, ಅಡ್ಜಸ್ಟ್ ಮಾಡ್ಕೊಳ್ಳಲ್ಲ" ಎಂದಳು.

ವ್ಯಾಕರಣ ಕಲಿಸಿದವಳಿಗೇ ವ್ಯಾಕರಣದ ಪಾಠವಾಯಿತು.

ಕೇಬಲ್ಲಿನ ತುದಿಯಲ್ಲಿ ಮರೆ ಇದೆ, ಒಂದು ಇಂಚಿಗೆ 32 ಸುತ್ತು. ಅದಕ್ಕೆ ತಿರುಗಿಸಿ ಕೂರಿಸುವ, ಗುಂಡುಕೀಲಿನ ಒಂದು ತುದಿ. ಅದನ್ನು ಬಿಚ್ಚಿ ಒಂದು ಸುತ್ತು ತಿರುಗಿಸಿದರೆ ಉದ್ದದಲ್ಲಿ ಒಂದು ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸ. ತಿರುಗಿಸುವುದು, ಜೋಡಿಸುವುದು, ನಾನು ತಳ್ಳುವುದು, ಎಳೆಯುವುದು, ಅವಳು ನೋಡುವುದು. ಆಚೆ ಸರಿಯಾದರೆ ಈಚೆ ತಪ್ಪುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಶುರುಮಾಡಿದ್ದು ಮಧ್ಯಾಹ್ನ ಎರಡಾದರೂ ಮುಗಿಯಲಿಲ್ಲ. ಕೊನೆಗೆ ಎರಡು ತಡೆಗಳಿಗೂ ಕೈ ಟಕ್ ಎಂದು ತಾಗಿತು. ಆಗ ಒಳಗೆ ಗುಂಡಿ ಮತ್ತು ಹಲಗೆಯ ನಡುವೆ ಸುಮಾರು ಮೂರು ಮಿಲಿಮೀಟರು ಜಾಗ ಉಳಿದಿತ್ತು. "ಇದನ್ನೂ ಸರಿಮಾಡಬೇಕಾ?" ಎಂದೆ. "ಇಲ್ಲಮ್ಮ, ಅದು ಬೇಕು. ಸಡಿಲ ಬಿಡೋದಾದ್ರೆ ಗುಂಡಿಯ ಕಡೆ ಬಿಡಬೇಕು, ಎಂಜಿನ್ನಿನ ಕಡೆ ಅಲ್ಲ" ಎಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ಆ ಕೀಲಿಗೆ ಬೋಲ್ಟು ಹಾಕಿ, ಕೋಟೆಯ ತೆನೆಯ ಹಾಗೆ ಕೊರೆದ ನಟ್ಟು ಬಿಗಿದು, ಅದರ ಕಂಡಿಯಲ್ಲಿ ಕಾಟರ್ ಪಿನ್ ತೂರಿಸಿ ಎರಡು ಕಾಲನ್ನೂ ಬಗ್ಗಿಸಿದಳು. ತಿರುಗುವ ಕೀಲಿಗೆ ಬರೀ ಬಿಗಿತವನ್ನು ನಂಬುವಂತಿಲ್ಲವಂತೆ. ಹೊರಗಡೆ ಒಂದು ಅಗಲವಾದ ವಾಷರ್. ಒಂದು ವೇಳೆ ಕೀಲಿನ ಗುಂಡು ಸವೆದು ಕಳಚಿದರೂ ಕೇಬಲ್ಲು ಪೂರ್ತಿ ಜಾರಿಹೋಗಬಾರದೆಂದು. ಬಿಗಿದ ನಟ್ಟುಗಳ ಮೇಲೆ ಕುಂಕುಮದ ಗೆರೆಯ ಹಾಗೆ ಒಂದು ಬಣ್ಣದ ಗೆರೆ ಎಳೆದಳು; ನಟ್ಟು ಚೂರು ಸಡಿಲವಾದರೂ ಗೆರೆ ಮುರಿದು ಕಣ್ಣಿಗೆ ಬೀಳುತ್ತದೆ. ಮುಂದಿನ ವಾರ ಸಂಘದ ಕಡೆಯಿಂದ ಹಿರಿಯರೊಬ್ಬರು ಸಂಬಳ ಸಾರಿಗೆ ಏನೂ ಇಲ್ಲದೆ ಬಂದು, ಕನ್ನಡಿ ಹಿಡಿದು ಮೂಲೆಮೂಲೆ ನೋಡಿದರು. ಒಂದು ಕಡೆ ಕೇಬಲ್ಲು ಕಬ್ಬಿಣದ ಕೊಳವೆಗೆ ತಾಗುತ್ತಿದೆ, ನಡುಗಿ ನಡುಗಿ ಸವೆಯುತ್ತದೆ ಎಂದು ತೋರಿಸಿದರು. ಮಗಳ ಮುಖ ಸಣ್ಣದಾಗಲಿಲ್ಲ. ಥ್ಯಾಂಕ್ಸ್ ಹೇಳಿ ಅಲ್ಲಿಗೊಂದು ರಬ್ಬರಿನ ಪಟ್ಟಿ ಹಾಕಿ ಕಟ್ಟಿದಳು.

ಈಗ ನನ್ನ ಜಗಳಕ್ಕೆ ಬರುತ್ತೇನೆ.

ಮೊದಲನೆಯ ಆಕ್ಷೇಪಣೆ ನನಗೆ ಗೊತ್ತಿದೆ. "ಸಂಸಾರ ಏನು ಯಂತ್ರವೇ, ನಟ್ಟು ತಿರುಗಿಸಿ ಸರಿಮಾಡೋಕೆ?" ಎಂದು ಕೇಳುತ್ತೀರಿ. ಅಲ್ಲ, ನಿಜ. ಯಂತ್ರ ನಮಗಿಂತ ಪ್ರಾಮಾಣಿಕ. ಎಂಜಿನ್ ಹೊಂದಿಕೊಂಡ ಹಾಗೆ ನಟಿಸುವುದಿಲ್ಲ, ನಾವು ನಟಿಸುತ್ತೇವೆ. ಎಳೆಗಳು ಒಂದೊಂದಾಗಿ ತುಂಡಾಗುತ್ತಿದ್ದರೂ "ಚೆನ್ನಾಗಿದ್ದೀನಿ" ಎಂದು ತವರಿಗೆ ಫೋನು ಮಾಡುತ್ತೇವೆ. ಒಂದು ದಿನ ಉಳಿದ ಎಳೆಗಳೆಲ್ಲ ಒಟ್ಟಿಗೇ ಹರಿದಾಗ "ಇದ್ದಕ್ಕಿದ್ದ ಹಾಗೆ ಏನಾಯಿತು ಇವಳಿಗೆ?" ಎಂದು ಜನ ಬೆರಗಾಗುತ್ತಾರೆ. ಇದ್ದಕ್ಕಿದ್ದ ಹಾಗೆ ಯಾವ ಕೇಬಲ್ಲೂ ಹರಿಯುವುದಿಲ್ಲ, ಅಮ್ಮಂದಿರೇ.

ಎರಡನೆಯದು, "ಯಾರೂ ಬಗ್ಗದಿದ್ದರೆ ಮನೆ ನಿಲ್ಲುತ್ತದೆಯೇ?" ಎಂಬುದು. ನಿಲ್ಲುವುದಿಲ್ಲ. ವಿಮಾನದಲ್ಲೂ ಬಾಗು ಬೇಕು, ರಬ್ಬರಿನ ದಿಂಡು ಬೇಕು, ಮೂರು ಮಿಲಿಮೀಟರು ಸಡಿಲವೂ ಬೇಕು. ಆದರೆ ಆ ಸಡಿಲ ಯಾವ ಕಡೆ ಇತ್ತು ಎಂಬುದನ್ನು ನೆನಪಿಡಿ. ತಳ್ಳುವ ಎಳೆಯುವ ಕೈ ಯಾವ ಕಡೆ ಇದೆಯೋ ಆ ಕಡೆ. ನಮ್ಮ ಮನೆಗಳಲ್ಲಿ ಇದು ತಲೆಕೆಳಗು. ಗುಂಡಿ ಹಿಡಿದವರು ಒಂದು ಕೂದಲೆಳೆ ಬಿಡುವುದಿಲ್ಲ. ದುಡಿಯುವವಳೇ ಎಲ್ಲಾ ಸಡಿಲವನ್ನೂ ಕೊಡಬೇಕು. ಹಗಲು ಶಾಲೆ ಅಥವಾ ಆಫೀಸು, ಸಂಜೆ ಅಡುಗೆ, ರಾತ್ರಿ ಹೋಮ್‌ವರ್ಕು, ಇವೆಲ್ಲದರ ಎಂಜಿನ್ ಆಗಿ ನಡುಗುತ್ತಿರುವವಳು ಅವಳು. ಅವಳಿಗೆ ಪೂರ್ಣ ಶಕ್ತಿ ತಲುಪುತ್ತಿದೆಯೇ ಎಂದು ಟಾರ್ಚು ಬಿಟ್ಟು ನೋಡುವವರು ಯಾರು?

ಮಗಳ ಊರಾದ ಡೇಟನ್ ಯಾರ ಊರು ಎಂದು ನಿಮಗೆ ಗೊತ್ತಿರಬಹುದು. ರೈಟ್ ಸಹೋದರರದು. ಅವರ ಸೈಕಲ್ ಅಂಗಡಿಗಳಲ್ಲಿ ಒಂದು ಈಗಲೂ ಅಲ್ಲಿದೆ, ನೋಡಿಬಂದೆ. 1903ರ ಡಿಸೆಂಬರ್ 17ರಂದು ಹನ್ನೆರಡು ಸೆಕೆಂಡು ಹಾರಿದ ಅವರ ಮೊದಲ ವಿಮಾನದ ಎಂಜಿನ್ನಿಗೆ ಥ್ರಾಟಲ್ಲೇ ಇರಲಿಲ್ಲ. ನಾವು ಪಾಠದಲ್ಲಿ ಹೇಳದ ಎರಡು ಸಂಗತಿಗಳಿವೆ. ಆ ಹುಡುಗರಿಗೆ ಕೈಚಳಕ ಬಂದದ್ದು ಪಾದ್ರಿಯಾಗಿದ್ದ ತಂದೆಯಿಂದಲ್ಲ, ತಾಯಿ ಸೂಸನ್ನಳಿಂದ. ಗಾಡಿ ಮಾಡುವವನ ಮಗಳಾದ ಆಕೆ ಮಕ್ಕಳ ಆಟಿಕೆಗಳನ್ನು ತಾನೇ ಮಾಡಿಕೊಡುತ್ತಿದ್ದಳು. ಇನ್ನೊಂದು, ಅವರ ತಂಗಿ ಕ್ಯಾಥರಿನ್‌ಳದು. ಆಕೆ ಪದವೀಧರೆ, ನನ್ನ ಹಾಗೆಯೇ ಪ್ರೌಢಶಾಲೆಯ ಉಪಾಧ್ಯಾಯಿನಿ, ಲ್ಯಾಟಿನ್ ಕಲಿಸುತ್ತಿದ್ದಳು. 1908ರ ಸೆಪ್ಟೆಂಬರಿನಲ್ಲಿ ಆರ್ವಿಲ್‌ನ ವಿಮಾನ ಬಿತ್ತು. ಪ್ರೊಪೆಲ್ಲರ್ ಸೀಳಿ, ಹಿಂದಿನ ಚುಕ್ಕಾಣಿಗೆ ಆಧಾರವಾಗಿದ್ದ ಒಂದು ತಂತಿಗೆ ಬಡಿದದ್ದು ಕಾರಣ. ಜೊತೆಯಲ್ಲಿದ್ದ ಸೇನಾಧಿಕಾರಿ ಸತ್ತ. ಕ್ಯಾಥರಿನ್ ರಜೆ ಹಾಕಿ ಓಡಿಹೋಗಿ ಅಣ್ಣನ ಶುಶ್ರೂಷೆಗೆ ನಿಂತಳು. ಮತ್ತೆ ಶಾಲೆಗೆ ಮರಳಲೇ ಇಲ್ಲ. ಅಣ್ಣಂದಿರ ಪತ್ರ, ವ್ಯವಹಾರ, ಅತಿಥಿ, ಮನೆ ಎಲ್ಲವನ್ನೂ ನೋಡಿಕೊಂಡಳು. ಕೊನೆಗೆ 1926ರಲ್ಲಿ, ತನ್ನ 52ನೆಯ ವಯಸ್ಸಿನಲ್ಲಿ, ಕಾಲೇಜಿನ ದಿನಗಳ ಗೆಳೆಯನನ್ನು ಮದುವೆಯಾದಳು. ಆರ್ವಿಲ್ ಆಕೆಯೊಡನೆ ಮಾತು ಬಿಟ್ಟ! 1929ರಲ್ಲಿ ಆಕೆ ಸಾಯುವ ಹಾಸಿಗೆಯಲ್ಲಿದ್ದಾಗ ಬಂದು ನೋಡಿದ. ಜೀವಮಾನವೆಲ್ಲ ಹೊಂದಿಕೊಂಡವಳು ಒಂದೇ ಒಂದು ಸಲ ಹೊಂದಿಕೊಳ್ಳದಿದ್ದಾಗ ಸಿಕ್ಕ ಉಡುಗೊರೆ ಅದು. ಆಕಾಶವನ್ನು ಗೆದ್ದವನಿಗೂ ತಂಗಿಗೆ ಮೂರು ಮಿಲಿಮೀಟರು ಜಾಗ ಬಿಡಲು ಬರಲಿಲ್ಲ ನೋಡಿ.

ಕ್ಯಾಥರಿನ್‌ಳನ್ನು ಓದಿ ಕಣ್ಣು ಒದ್ದೆ ಮಾಡಿಕೊಂಡ ನಾನೇನು ಕಡಿಮೆಯೇ? ಮಗಳ ಮದುವೆಯ ಹಿಂದಿನ ರಾತ್ರಿ ನಾನು ಅವಳಿಗೆ ಹೇಳಿದ ಬುದ್ಧಿಮಾತು ಕೂಡ ಅದೇ: "ಸ್ವಲ್ಪ ಹೊಂದಿಕೊಂಡು ಹೋಗು ಮಗಳೇ." ಅವಳು ಪಾಸಾದಾಗ ಹೆಮ್ಮೆಪಟ್ಟವಳು, ಅವಳು ಸ್ಪ್ಯಾನರ್ ಹಿಡಿದಾಗ ಮುಜುಗರಪಟ್ಟವಳೂ ನಾನೇ. ಗಂಡಸರನ್ನು ಬೈಯುವುದು ಸುಲಭ. 'ಅಡ್ಜಸ್ಟ್' ಎಂಬ ಮಂತ್ರವನ್ನು ಹೆಣ್ಣುಮಕ್ಕಳ ಕಿವಿಯಲ್ಲಿ ಊದುವವರು ಮಾತ್ರ ನಾವೇ, ತಾಯಂದಿರು.

ನಾನು ಅಲ್ಲಿದ್ದಾಗಲೇ ಬೀಗಿತ್ತಿಯವರ ಫೋನು ಬಂತು. ಒಳ್ಳೆಯ ಹೆಂಗಸು, ಕೆಟ್ಟ ಮನಸ್ಸಿನವರಲ್ಲ. "ನೀವಾದರೂ ಹೇಳಿ, ಆ ವಿಮಾನ ಗಿಮಾನ ಬಿಟ್ಟು ಮಗು ಗಿಗು ಅಂತ ಯೋಚನೆ ಮಾಡಲಿ. ನಾವೆಲ್ಲ ಅಡ್ಜಸ್ಟ್ ಮಾಡ್ಕೊಳ್ಳಲಿಲ್ವಾ?" ಎಂದರು. ಹಿಂದಿನ ನಾನಾಗಿದ್ದರೆ "ಹೇಳ್ತೀನಿ" ಎನ್ನುತ್ತಿದ್ದೆ. ಅಂದು, "ನಾವು ಮಾಡ್ಕೊಂಡ್ವಿ, ನಿಜ. ನಿಮಗೆ ಸಂಗೀತ ಬಿಟ್ಟುಹೋಯಿತು, ನನಗೆ ಎಂ.ಎ. ಬಿಟ್ಟುಹೋಯಿತು. ಯಾರಿಗೆ ಏನು ಸಿಕ್ಕಿತು ಹೇಳಿ?" ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ ಅವರು "ಮಗು ಯಾವಾಗ ಅನ್ನೋದು ಅವರಿಬ್ಬರಿಗೇ ಬಿಟ್ಟದ್ದು, ಅಲ್ವಾ?" ಎಂದರು. ಅಲ್ಲಿಂದೀಚೆಗೆ ನಾವಿಬ್ಬರೂ ಹೆಚ್ಚು ಹತ್ತಿರವಾಗಿದ್ದೇವೆ.

ಹಾಗಾದರೆ ಏನು ಮಾಡಬೇಕು? ಎಲ್ಲರೂ ವಿಮಾನ ಕಟ್ಟಿ ಎಂದು ನಾನು ಹೇಳುತ್ತಿಲ್ಲ. ಕೈಯಿಂದ ಶುರುಮಾಡಿ ಎನ್ನುತ್ತೇನೆ. 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ನಮ್ಮ ಶಾಲೆಯ ಹುಡುಗಿಯರು ಹಕ್ಕಿಗಳ ಹಾಗೆ ಹಾರಾಡಿದ್ದನ್ನು ನೋಡಿದ್ದೇನೆ. ಆದರೆ ಬ್ರೇಕು ಸಡಿಲವಾದರೆ ಸೈಕಲ್ಲನ್ನು ತಳ್ಳಿಕೊಂಡು ಬಂದು, ಅಣ್ಣನೋ ಅಪ್ಪನೋ ಪುರುಸೊತ್ತಾಗಿ ಸರಿಮಾಡುವ ತನಕ ಗೋಡೆಗೆ ಒರಗಿಸುತ್ತಿದ್ದರು. ಸೈಕಲ್ಲು ಕೊಟ್ಟೆವು, ಸ್ಪ್ಯಾನರ್ ಕೊಡಲಿಲ್ಲ. ಅಮೆರಿಕದಿಂದ ಬಂದ ಮೇಲೆ ಶನಿವಾರದ ಕೊನೆಯ ಪಿರಿಯಡ್ಡಿನಲ್ಲಿ ನಮ್ಮ ಶಾಲೆಯ ಹುಡುಗಿಯರಿಂದಲೇ ಬ್ರೇಕಿನ ಕೇಬಲ್ಲು ಬಿಚ್ಚಿಸಿ ಜೋಡಿಸುವುದನ್ನು ಶುರುಮಾಡಿದ್ದೇನೆ. ಮಲ್ಲಿಗೆ ಮೊಗ್ಗನ್ನು ಜಜ್ಜದೆ ಕಟ್ಟುವ ಬೆರಳುಗಳಿಗೆ ತಂತಿಯ ಬಿಗಿ ಸಡಿಲ ಗೊತ್ತಾಗದೇ? ಎರಡೇ ವಾರದಲ್ಲಿ ಕಲಿತರು. ಒಬ್ಬ ಹುಡುಗಿ ಮನೆಯಲ್ಲಿ ಅಪ್ಪನ ಬೈಕಿನ ಕ್ಲಚ್ ಕೇಬಲ್ಲು ನೋಡಿ "ಎಳೆ ಬಿಟ್ಟಿದೆ, ಇದರಲ್ಲಿ ಹೋಗಬೇಡಿ" ಎಂದಳಂತೆ. ಆ ಅಪ್ಪ ಬಂದು ನನಗೆ ದೂರು ಕೊಟ್ಟರು, ಹುಡುಗಿ ಎದುರುತ್ತರ ಕೊಡುತ್ತಾಳೆ ಎಂದು. "ಕೇಬಲ್ ಬದಲಾಯಿಸಿದಿರಾ?" ಎಂದೆ. "ಬದಲಾಯಿಸಿದೆ" ಎಂದರು. ನನಗೆ ಅಷ್ಟು ಸಾಕು.

ಮಗಳ ವಿಮಾನ 2024ರಲ್ಲಿ ಹಾರಿತು. ಪರೀಕ್ಷೆಯ ಗಂಟೆಗಳು ಮುಗಿದಿವೆ. "ಎರಡನೇ ಸೀಟು ನಿನಗೆ ಕಾಯ್ತಿದೆ" ಎನ್ನುತ್ತಾಳೆ. ಬರುವ ಬೇಸಿಗೆ ರಜೆಗೆ ಹೋಗುತ್ತಿದ್ದೇನೆ. ಭಯವಿಲ್ಲವೆಂದರೆ ಸುಳ್ಳಾದೀತು. ಆದರೆ ಆ ಕಾಟರ್ ಪಿನ್ನಿನ ಕಾಲುಗಳನ್ನು ಬಗ್ಗಿಸಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ನಿಮ್ಮ ಮನೆಯಲ್ಲಿ ಯಾವ ಎಳೆ ಹರಿಯುತ್ತಿದೆ ಎಂದು ಇಂದೇ ನೋಡಿ. ಹೊಂದಿಸಲು ಬರುವುದನ್ನು ಹೊಂದಿಸಿ. ನಿಮ್ಮ ಕೈಲಾಗದ್ದನ್ನು ಗಟ್ಟಿಯಾಗಿ ಕೇಳಿ. ಮಗಳಿಗೆ ಮಾತ್ರ, ದಯವಿಟ್ಟು, ಆ ಹಳೆಯ ಮಂತ್ರವನ್ನು ಹೇಳಿಕೊಡಬೇಡಿ.